ತಂತ್ರಾಂಶಕಾರನೂ ವಿದ್ವತ್ಸಭೆಯೂ

ವಿದ್ಯಾಧನವು ಕೊಟ್ಟಷ್ಟೂ ವೃದ್ಧಿ ಹೊಂದುವುದೆಂಬ ಮಾತನ್ನು ಶಾಲಾ ವಾರ್ಷಿಕೋತ್ಸವಗಳಲ್ಲಿ ಕೇಳದ ವಿದ್ಯಾರ್ಥಿಯಿಲ್ಲ. ಭಾಷಣ ಸ್ಪರ್ಧೆಯಲ್ಲಿ ಆ ಮಾತನ್ನಾಡಿ ಬಹುಮಾನ ಪಡೆದ ಬಾಲಕನೇ ಮರುದಿನ ತರಗತಿಯಲ್ಲಿ ಲೆಕ್ಕದ ಪುಸ್ತಕಕ್ಕೆ ಎಡಗೈಯನ್ನು ಅಡ್ಡವಿಟ್ಟು ಬರೆಯುವುದೂ ಅಷ್ಟೇ ಪರಿಚಿತವಾದ ನೋಟ. ಪರೀಕ್ಷೆಯ ಹೊತ್ತಿನಲ್ಲಿ ಆ ಅಡ್ಡಗೈ ಸಲ್ಲುತ್ತದೆ. ಅದು ಜೀವಮಾನದ ಅಭ್ಯಾಸವಾಗಿ ನಿಂತರೆ ಮಾತ್ರ ಕೇಡು. ಆ ಕೇಡು ಇಂದು ಸ್ಪಷ್ಟವಾಗಿ ಕಾಣುವುದು ಗಣಕಯಂತ್ರಗಳಿಗೆ ತಂತ್ರಾಂಶವನ್ನು ರಚಿಸುವ ವೃತ್ತಿಯಲ್ಲಿ. ಕನ್ನಡ ನಾಡಿನ ಶಾಲೆಗಳಿಂದ ಹೊರಟ ಎಷ್ಟೋ ಮಂದಿ ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಈ ವೃತ್ತಿಯನ್ನೇ ಅವಲಂಬಿಸಿದ್ದಾರೆ. ವಿಚಿತ್ರವೆಂದರೆ, ಕೊಟ್ಟು ಬೆಳೆಸುವ ವಿದ್ಯೆಗೆ ಇತ್ತೀಚಿನ ಕಾಲದ ಅತ್ಯಂತ ದೊಡ್ಡ ನಿದರ್ಶನವನ್ನು ಒದಗಿಸಿರುವುದೂ ಇದೇ ವೃತ್ತಿಯೇ.

ತಂತ್ರಾಂಶಕಾರನೊಬ್ಬನ ಒಂದು ದಿನದ ಕೆಲಸವನ್ನು ಗಮನಿಸಿದರೆ ಸಂಗತಿ ತಿಳಿಯುತ್ತದೆ. ಅವನು ಬೆಳಗ್ಗೆ ತೆರೆಯುವ ಸಲಕರಣೆಗಳಲ್ಲಿ ಹೆಚ್ಚಿನವು ಅಪರಿಚಿತರು ರಚಿಸಿ ಲೋಕಕ್ಕೆ ಬಿಟ್ಟುಕೊಟ್ಟವು. ಹನ್ನೊಂದು ಗಂಟೆಗೆ ಒಂದು ತೊಡಕು ಬರುತ್ತದೆ. ಅದೇ ತೊಡಕನ್ನು ಯಾವುದೋ ದೇಶದ ಯಾವನೋ ಒಬ್ಬನು ವರ್ಷಗಳ ಹಿಂದೆಯೇ ಬಿಡಿಸಿ ಬರೆದಿಟ್ಟಿರುತ್ತಾನೆ. ಇವನು ಓದುತ್ತಾನೆ, ಬಳಸುತ್ತಾನೆ, ಮುಂದೆ ಸಾಗುತ್ತಾನೆ. ಸಂಜೆಗೆ ತಾನೇ ಒಂದು ಹೊಸ ತೊಡಕನ್ನು ಬಿಡಿಸಿದಾಗ ಮಾತ್ರ ಅವನ ಮನಸ್ಸು ಹಿಂಜರಿಯುತ್ತದೆ. ‘ಇದೇನು ಮಹಾ? ಬಲ್ಲವರು ಆಗಲೇ ಮಾಡಿರಬಹುದು. ತಪ್ಪಿದ್ದರೆ ನಕ್ಕಾರು. ಪೂರ್ತಿ ಚೆನ್ನಾದ ಮೇಲೆ ಹೊರಗಿಟ್ಟರಾಯಿತು.’ ಆ ಚೆನ್ನಾಗುವ ದಿನ ಬರುವುದೇ ಇಲ್ಲ. ಇದನ್ನು ಜಿಪುಣತನವೆಂದು ಕರೆಯುವುದು ಅನ್ಯಾಯ. ಇದು ಅಳುಕು, ಬಾಲ್ಯದ ಅಡ್ಡಗೈಯೇ ಬೆಳೆದು ಈ ರೂಪವನ್ನು ತಾಳಿದೆ.

೧೯೯೧ರ ಆಗಸ್ಟ್ ತಿಂಗಳಿನಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅವರಿಗೆ ಇಪ್ಪತ್ತೊಂದು ವರ್ಷ. ತಾವು ಒಂದು ಕಾರ್ಯಾಚರಣ ವ್ಯವಸ್ಥೆಯನ್ನು ರಚಿಸುತ್ತಿರುವುದಾಗಿಯೂ, ಅದು ಬರಿಯ ಹವ್ಯಾಸವಾಗಿದ್ದು ದೊಡ್ಡದೇನೂ ಆಗಲಾರದೆಂದೂ ಅವರು ಬಲ್ಲವರ ಬಳಗಕ್ಕೆ ತಿಳಿಸಿ, ಅಭಿಪ್ರಾಯಗಳನ್ನು ಕೋರಿದರು. ಮುಂದಿನ ತಿಂಗಳು ಹೊರಬಂದ ಮೊದಲ ಪಾಠ ಸುಮಾರು ಹತ್ತು ಸಾವಿರ ಸಾಲುಗಳದ್ದು; ಅರೆಬರೆಯಾದದ್ದು. ಪೂರ್ತಿಯಾಗುವವರೆಗೆ ಅವರು ಅದನ್ನು ಮುಚ್ಚಿಟ್ಟುಕೊಂಡಿದ್ದರೆ ಹೆಲ್ಸಿಂಕಿಯ ಒಂದು ಕೋಣೆಯಲ್ಲಿಯೇ ಅದು ಉಳಿದುಹೋಗುತ್ತಿತ್ತು. ಅರೆಬರೆಯಾಗಿ ಹೊರಬಂದುದರಿಂದಲೇ ಇತರರಿಗೆ ಅದರಲ್ಲಿ ಮಾಡಲು ಕೆಲಸ ಉಳಿದಿತ್ತು. ಲಿನಕ್ಸ್ ಎಂಬ ಆ ಕೃತಿಯ ತಿರುಳು ಇಂದು ಆಂಡ್ರಾಯ್ಡ್ ದೂರವಾಣಿಗಳೊಳಗೆ ಇದೆ. ೨೦೧೭ರ ನವೆಂಬರಿನಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಜಗತ್ತಿನ ಅತಿವೇಗದ ಐನೂರು ಗಣಕಗಳೂ ಅದರಿಂದಲೇ ನಡೆಯುತ್ತಿದ್ದವು.

ಪ್ರಾಚೀನ ಕನ್ನಡ ಕಾವ್ಯಗಳನ್ನು ಓದಿದವರಿಗೆ ಈ ನಡೆ ಹೊಸದೆನಿಸಬೇಕಾಗಿಲ್ಲ. ದೋಷಗಳಿದ್ದಲ್ಲಿ ಬಲ್ಲವರು ತಿದ್ದಬೇಕೆಂದು ಕೃತಿಯ ಆರಂಭದಲ್ಲಿಯೇ ಪ್ರಾರ್ಥಿಸುವುದು ಕವಿಗಳ ಸಂಪ್ರದಾಯ. ಓಲೆಗರಿಯನ್ನು ಪ್ರತಿಮಾಡಿದ ಲಿಪಿಕಾರನೂ ಕೊನೆಯಲ್ಲಿ ತನ್ನ ಕೈತಪ್ಪುಗಳಿಗೆ ಕ್ಷಮೆ ಬೇಡುತ್ತಿದ್ದನು. ತನ್ನ ಕೃತಿಯನ್ನು ಪರೀಕ್ಷಿಸುವ ಧೈರ್ಯ ಯಾರಿಗುಂಟೆಂದು ರನ್ನನಂತೆ ಗರ್ಜಿಸಿದವರೂ ಇಲ್ಲದಿಲ್ಲ; ಆದರೆ ರನ್ನನೂ ಕೃತಿಯನ್ನು ಸಭೆಯ ಮುಂದಿಟ್ಟೇ ಗರ್ಜಿಸಿದನಲ್ಲದೆ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ಅಲ್ಲ. ತಂತ್ರಾಂಶಕಾರರು ಮೂಲಸಂಕೇತವೆಂದು ಕರೆಯುವುದು, ಮನುಷ್ಯನು ಬರೆದು ಮನುಷ್ಯನು ಓದಬಲ್ಲ ಆ ಸಾಲುಗಳು, ಪಂಡಿತರ ಭಾಷೆಯಲ್ಲಿ ಹೇಳುವುದಾದರೆ ಮೂಲಪಾಠವೇ. ಮೂಲಪಾಠ ಕೈಗೆ ಸಿಕ್ಕರೆ ತಿದ್ದಬಹುದು, ಪಾಠಾಂತರಗಳನ್ನು ಹೋಲಿಸಬಹುದು. ಅದಿಲ್ಲದೆ ಕೇವಲ ಯಂತ್ರಕ್ಕೆ ಅರ್ಥವಾಗುವ ರೂಪ ಮಾತ್ರ ಸಿಕ್ಕರೆ ಬಳಸಬಹುದೇ ಹೊರತು ತಿಳಿಯಲಾಗದು.

ಈ ಮೂಲಪಾಠದ ಹಕ್ಕಿಗಾಗಿಯೇ ಅಮೆರಿಕೆಯ ರಿಚರ್ಡ್ ಸ್ಟಾಲ್ಮನ್ ಅವರು ೧೯೮೩ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದರು. ೧೯೮೯ರಲ್ಲಿ ಅವರು ಹೊರತಂದ ಪರವಾನಗಿಯ ಸಾರ ಇಷ್ಟು: ಊರ ಬಾವಿಯ ನೀರನ್ನು ಯಾರು ಬೇಕಾದರೂ ಸೇದಬಹುದು, ಮಾರಲೂಬಹುದು, ಆದರೆ ಬಾವಿಯನ್ನು ಇನ್ನಷ್ಟು ತೋಡಿ ಅದರ ನೀರನ್ನು ಇತರರಿಗೆ ಹಂಚುವವನು ಅದಕ್ಕೆ ಬೇಲಿ ಹಾಕುವಂತಿಲ್ಲ. ಟೋರ್ವಾಲ್ಡ್ಸ್ ಅವರೂ ೧೯೯೨ರಲ್ಲಿ ಲಿನಕ್ಸಿಗೆ ಇದೇ ಪರವಾನಗಿಯನ್ನು ಒಪ್ಪಿಕೊಂಡರು.

ಇಲ್ಲಿ ಉದ್ಯೋಗಸ್ಥರಾದ ಹಳೆಯ ವಿದ್ಯಾರ್ಥಿಗಳು ಒಂದು ಆಕ್ಷೇಪವನ್ನು ಎತ್ತುವುದುಂಟು. ಸಂಬಳ ಕೊಡುವ ಸಂಸ್ಥೆಯೊಡನೆ ಕರಾರಿದೆ, ಬರೆದುದೆಲ್ಲ ಅದರ ಸ್ವತ್ತು, ಹಂಚುವುದೆಂತು? ಆಕ್ಷೇಪದಲ್ಲಿ ಸತ್ಯವಿದೆ. ಧಣಿಯ ಅನುಮತಿಯಿಲ್ಲದೆ ಧಣಿಯ ಸ್ವತ್ತನ್ನು ಹಂಚುವುದು ದಾಸೋಹವಲ್ಲ. ಕೆಲವು ಕರಾರುಗಳಂತೂ ಬಿಡುವಿನ ವೇಳೆಯ ರಚನೆಗಳನ್ನೂ ಒಳಗೊಳ್ಳುವುದರಿಂದ ಮೊದಲೇ ಲಿಖಿತ ಒಪ್ಪಿಗೆ ಪಡೆಯುವುದು ವಿಹಿತ. ಆದರೆ ಈ ಸತ್ಯವು ಎಷ್ಟೋ ಬಾರಿ ಮರೆಯಾಗಿ ಬಳಕೆಯಾಗುತ್ತದೆ. ಸಂಸ್ಥೆಯೇ ನಿತ್ಯ ಬಳಸುವ ಸಾರ್ವಜನಿಕ ತಂತ್ರಾಂಶದಲ್ಲಿ ದೋಷ ಕಂಡರೆ ಅದನ್ನು ರಚಿಸಿದವರಿಗೆ ವಿವರವಾಗಿ ತಿಳಿಸಲು ಯಾವ ಧಣಿ ಅಡ್ಡಬಂದಾನು? ಅಸ್ಪಷ್ಟವಾದ ಒಂದು ಸೂಚನೆಯನ್ನು ತಿಳಿಯಾದ ಮಾತಿನಲ್ಲಿ ತಿದ್ದಿ ಕಳಿಸಲು, ತಿಂಗಳಿಗೊಮ್ಮೆ ಸಮಾನಾಸಕ್ತರ ಕೂಟಕ್ಕೆ ಹೋಗಿ ಹೊಸಬನೊಬ್ಬನ ಪ್ರಶ್ನೆಗೆ ಉತ್ತರ ಹೇಳಲು ಯಾರ ರಹಸ್ಯ ಬಯಲಾಗಬೇಕು?

ಪಡೆಯುವವರು ಅಸಂಖ್ಯರಾಗಿ, ಸೇರಿ ದುಡಿಯುವವರು ವಿರಳರಾದರೆ ಏನಾಗುವುದೆಂಬುದಕ್ಕೆ ೨೦೨೪ರ ಮಾರ್ಚ್ ತಿಂಗಳ ಪ್ರಸಂಗವೊಂದು ಸಾಕು. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಜೆಡ್’ ಎಂಬ ಸಣ್ಣ ತಂತ್ರಾಂಶವು ಲಿನಕ್ಸ್ ವ್ಯವಸ್ಥೆಗಳಲ್ಲೆಲ್ಲ ಹಬ್ಬಿತ್ತು. ಅದನ್ನು ಬಹುಕಾಲ ನೋಡಿಕೊಂಡವರು ಒಬ್ಬರೇ. ಅದೂ ಸಂಬಳವಿಲ್ಲದ ಹವ್ಯಾಸವಾಗಿ. ಅವರು ಬಳಲಿದ್ದ ಕಾಲದಲ್ಲಿ ಸಹಾಯಕನಾಗಿ ಬಂದ ಒಬ್ಬ ಅಜ್ಞಾತನು ಎರಡು ವರ್ಷಕ್ಕೂ ಮಿಕ್ಕಿ ವಿಶ್ವಾಸವನ್ನು ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲೊಂದನ್ನು ಇರಿಸಿದನು. ಅದನ್ನು ಪತ್ತೆಹಚ್ಚಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು. ದೂರದ ಗಣಕದೊಳಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚಾಗಿ ತಗಲುತ್ತಿದ್ದುದನ್ನು ಅವರು ಅಲಕ್ಷ್ಯಮಾಡಲಿಲ್ಲ. ಪಾಠವು ತೆರೆದಿದ್ದುದರಿಂದ ಬೆನ್ನಟ್ಟಿ ಹೋಗಿ ಮೂಲವನ್ನು ಕಂಡರು. ಕಂಡೊಡನೆ ಎಲ್ಲರಿಗೂ ಸಾರಿದರು. ಬಾಗಿಲು ತೆರೆದಿದ್ದುದರಿಂದಲೇ ಕಳ್ಳ ಬಂದನೆಂದು ಕೆಲವರು ವಾದಿಸಿದರು. ಮನೆಯಲ್ಲಿ ಒಬ್ಬ ಮುದುಕನನ್ನು ಕಾವಲಿಗೆ ಬಿಟ್ಟು ಊರವರೆಲ್ಲ ಉಂಡು ಹೋಗುತ್ತಿದ್ದರೆಂಬುದನ್ನು ಆ ವಾದಿಗಳು ಮರೆಯುತ್ತಾರೆ.

ಸಭೆಗೆ ಸೇರುವುದು ಸುಲಭವೆಂದು ಹೇಳಿದರೆ ಸುಳ್ಳಾದೀತು. ಲಿನಕ್ಸ್ ಬಳಗದಲ್ಲಿ ಹೊಸಬರ ಮೇಲೆಯೂ ಹಳಬರ ಮೇಲೆಯೂ ಕಟುನುಡಿಗಳು ಎಗ್ಗಿಲ್ಲದೆ ಬೀಳುತ್ತಿದ್ದವು. ೨೦೧೮ರ ಸೆಪ್ಟೆಂಬರಿನಲ್ಲಿ ಸ್ವತಃ ಟೋರ್ವಾಲ್ಡ್ಸ್ ಅವರೇ ತಮ್ಮ ಮಾತಿನ ಒರಟುತನಕ್ಕೆ ಕ್ಷಮೆ ಕೇಳಿ ಕೆಲಕಾಲ ಬದಿಗೆ ಸರಿದರು. ಶಾಸ್ತ್ರಾರ್ಥದ ಸಭೆಗಳಲ್ಲಿ ಒಂದು ಅಪಶಬ್ದಕ್ಕಾಗಿ ಬಾಲಪಂಡಿತನ ಮುಖ ಬಾಡಿಸಿದ ಹಿರಿಯರ ಕಥೆಗಳು ಸಂಸ್ಕೃತ ಪಾಠಶಾಲೆಗಳಲ್ಲಿಯೂ ಕಡಮೆಯಿಲ್ಲ. ತಪ್ಪನ್ನು ತಿದ್ದುವುದು ಬೇರೆ, ತಪ್ಪಿದವನನ್ನು ಹೀಗಳೆಯುವುದು ಬೇರೆ ಎಂಬ ವಿವೇಕವಿಲ್ಲದ ಕಡೆ ಅಡ್ಡಗೈ ಇನ್ನಷ್ಟು ಬಿಗಿಯಾಗುತ್ತದೆ. ಅಧ್ಯಾಪಕರು ತರಗತಿಯಲ್ಲಿ ಇದನ್ನು ನೆನೆಯುವುದು ಒಳ್ಳೆಯದು.

ಕನ್ನಡದ ಮಟ್ಟಿಗೆ ಹೇಳುವುದಾದರೆ, ಗಣಕದಲ್ಲಿ ಕನ್ನಡ ಬರೆಯುವವರೆಲ್ಲ ಕೆ. ಪಿ. ರಾವ್ ಅವರಿಗೆ ಋಣಿಗಳು. ಇಂಗ್ಲಿಷ್ ಕೀಲಿಗಳ ಧ್ವನಿಯನ್ನನುಸರಿಸಿ, ‘ಕೆ’ ಕೀಲಿಗೆ ಕಕಾರವನ್ನೂ ಶಿಫ್ಟಿನೊಡನೆ ಖಕಾರವನ್ನೂ ಕೊಟ್ಟು, ಸ್ವರಗಳನ್ನು ಕಾಗುಣಿತದ ಕ್ರಮದಲ್ಲಿಯೇ ಕೂಡಿಸುವ ಅವರ ವಿನ್ಯಾಸವು ವರ್ಣಮಾಲೆಯ ಶಾಸ್ತ್ರವನ್ನು ಬಲ್ಲವನ ಕೈಯಿಂದ ಮಾತ್ರ ಬರತಕ್ಕದ್ದು. ಅದನ್ನು ಅವರು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಕರ್ನಾಟಕ ಸರಕಾರವು ಅದನ್ನೇ ಶಿಷ್ಟವಾಗಿ ಅಂಗೀಕರಿಸಿತು. ಒಂದೊಂದು ತಂತ್ರಾಂಶದವನೂ ತನ್ನದೇ ಕೀಲಿಮಣೆಗೆ ಹಕ್ಕು ಹೂಡಿದ್ದರೆ ಕನ್ನಡ ಬೆರಳಚ್ಚುಗಾರನ ಗತಿ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

ದಾನಿಗಳು ಶಾಲೆಗಳಿಗೆ ಗಣಕಯಂತ್ರಗಳನ್ನು ಕೊಡುತ್ತಿದ್ದಾರೆ. ಅವರ ಔದಾರ್ಯ ಶ್ಲಾಘ್ಯ. ಆದರೆ ಐದಾರು ವರ್ಷಗಳಲ್ಲಿ ಯಂತ್ರ ಹಳತಾಗಿ ದಾನಿಯ ಹೆಸರಿನ ಫಲಕ ಮಾತ್ರ ಹೊಳೆಯುವ ಪ್ರಯೋಗಾಲಯಗಳೂ ಇವೆ. ನೆರೆಯ ಕೇರಳವು ತನ್ನ ಸರಕಾರಿ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ಬಳಕೆಗೆ ತಂದಿದೆ. ಅದರಿಂದ ಹಣ ಉಳಿಯುವುದು ಸಣ್ಣ ಲಾಭ, ಮಕ್ಕಳು ಮೂಲಪಾಠವನ್ನು ಬಿಚ್ಚಿ ನೋಡಬಹುದೆಂಬುದು ದೊಡ್ಡ ಲಾಭ. ಹಳೆಯ ವಿದ್ಯಾರ್ಥಿಯೊಬ್ಬನು ಯಂತ್ರದ ಬೆಲೆಯ ಜೊತೆಗೆ ತಿಂಗಳಿಗೆ ಎರಡು ಗಂಟೆಯ ಕಾಲವನ್ನೂ ಕೊಟ್ಟು, ಪ್ರೌಢಶಾಲೆಯ ನಾಲ್ಕು ಮಕ್ಕಳ ಮುಂದೆ ತನ್ನ ಅರೆಬರೆ ರಚನೆಯನ್ನಿಟ್ಟು ಅದರಲ್ಲಿ ತಪ್ಪು ಹುಡುಕಿಸಿದರೆ, ಆ ಮಕ್ಕಳಲ್ಲಿ ಅಳುಕು ಹುಟ್ಟುವ ಮೊದಲೇ ಅಳಿಯುತ್ತದೆ.

ಕನ್ನಡ ಅಧ್ಯಾಪಕರು ಇದರಿಂದ ಹೊರತಲ್ಲ. ಫೈರ್‌ಫಾಕ್ಸ್ ಮೊದಲಾದ ತಂತ್ರಾಂಶಗಳು ಕನ್ನಡದಲ್ಲಿಯೂ ದೊರೆಯುತ್ತವೆ. ಅವುಗಳ ಕನ್ನಡ ಬಹುಮಟ್ಟಿಗೆ ಸ್ವಯಂಸೇವಕರದು. ಅಲ್ಲಿ ಕಾಣುವ ಕೃತಕ ಪದಗಳನ್ನು ಕುರಿತು ಅಧ್ಯಾಪಕರ ಕೊಠಡಿಯಲ್ಲಿ ಪರಿಹಾಸ ನಡೆಯುವುದುಂಟು. ವಿಭಕ್ತಿ ತಪ್ಪಿದ ಒಂದು ಪದವನ್ನು ತಿದ್ದಿ ಕಳುಹಿಸಲು ಯಂತ್ರಭಾಷೆಯ ಜ್ಞಾನ ಬೇಕಾಗಿಲ್ಲ, ಕನ್ನಡ ವ್ಯಾಕರಣ ಬಂದರೆ ಸಾಕು. ತಂತ್ರಾಂಶಕಾರನಿಗೆ ಆ ವ್ಯಾಕರಣ ಬಾರದು, ವ್ಯಾಕರಣಜ್ಞನಿಗೆ ಕಳುಹಿಸುವ ದಾರಿ ತಿಳಿಯದು. ಇಬ್ಬರೂ ಒಂದೇ ಶಾಲೆಯಲ್ಲಿ ಗುರುಶಿಷ್ಯರಾಗಿದ್ದವರೆಂಬುದು ಎಷ್ಟೋ ಕಡೆ ನಿಜ. ಹಳೆಯ ವಿದ್ಯಾರ್ಥಿಗಳ ಮುಂದಿನ ಸಮಾವೇಶದಲ್ಲಿ ಅವರಿಬ್ಬರನ್ನು ಒಂದು ಗಣಕದ ಮುಂದೆ ಒಂದು ಮಧ್ಯಾಹ್ನ ಕೂರಿಸಲು ಯಾರ ಅನುದಾನವೂ ಬೇಕಾಗದು.