ಎರಡು ತೀರ, ಒಂದೇ ವಿಳಾಸ

ಹಳಿಯಾಳ ತಾಲ್ಲೂಕಿನ ತೇರಗಾಂವದಲ್ಲಿ ನಿಂತರೆ ಕಡಲು ಕಾಣದು. ಅದು ಘಟ್ಟದ ಮೇಲಿನ ಊರು. ಆದರೂ ಜಿಲ್ಲಾ ಕೇಂದ್ರ ಕಾರವಾರವು ಸಮುದ್ರದಂಡೆಯಲ್ಲಿರುವುದರಿಂದ ಅದೂ ‘ಕರಾವಳಿ ಜಿಲ್ಲೆ’ಯ ಗ್ರಾಮವೇ. ಪದವೊಂದು ವಾಸ್ತವವನ್ನು ತೋರುವಂತೆಯೇ ಮರೆಮಾಚಲೂ ಬಲ್ಲದು.

ಅಂತಹ ಇನ್ನೊಂದು ಪದ ಇಂಗ್ಲಿಷಿನ ‘ಬೈಕೋಸ್ಟಲ್’. ಎರಡು ಕರಾವಳಿಗಳಿಗೆ ಸೇರಿದ ಎಂಬುದು ಅದರ ಅರ್ಥ. ಅಮೆರಿಕದಲ್ಲಿ ಅಟ್ಲಾಂಟಿಕ್ ತೀರದ ನ್ಯೂಯಾರ್ಕ್, ಪೆಸಿಫಿಕ್ ತೀರದ ಲಾಸ್ ಏಂಜಲೀಸ್ ಎರಡರಲ್ಲೂ ಮನೆ ಅಥವಾ ಉದ್ಯೋಗ ಇಟ್ಟುಕೊಂಡು ವಿಮಾನದಲ್ಲಿ ಓಡಾಡುವ ಅನುಕೂಲಸ್ಥರಿಗೆ ಅದು ಹೆಚ್ಚಾಗಿ ಸಲ್ಲುತ್ತದೆ. ಕನ್ನಡದಲ್ಲಿ ‘ಉಭಯ ತೀರವಾಸಿ’ ಎನ್ನಬಹುದು. ನಮ್ಮಲ್ಲಿ ಪದಕ್ಕೆ ಬಳಕೆಯಿಲ್ಲ. ಆದರೆ ಬದುಕು ಇದೆ.

ಕಾರವಾರ, ಮಲ್ಪೆ, ಮಂಗಳೂರು ಬಂದರುಗಳ ಯಾಂತ್ರಿಕ ದೋಣಿಗಳಲ್ಲಿ ದುಡಿಯುವ ಕಲಾಸಿಗಳ ಪೈಕಿ ಒಡಿಶಾ, ಆಂಧ್ರದಂತಹ ಪೂರ್ವ ತೀರದ ರಾಜ್ಯಗಳವರು ಬಹಳ ಮಂದಿ. ಪೂರ್ವ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಏಪ್ರಿಲ್ 15ರಿಂದ ಜೂನ್ 14ರವರೆಗೆ ನಿಷೇಧ. ಪಶ್ಚಿಮದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ. ಎರಡೂ 61 ದಿನಗಳೇ. ಎರಡೂ ಕಡಲು ಒಟ್ಟಿಗೆ ಮುಚ್ಚಿರುವುದು 14 ದಿನ ಮಾತ್ರ. ಇಲ್ಲಿ ದೋಣಿ ದಡ ಸೇರಿದ ಮೇಲೆ ಊರಿಗೆ ಮರಳಿದವನಿಗೆ, ಜೂನ್ 15ರಿಂದ ಅಲ್ಲಿನ ಕಡಲು ತೆರೆದಿರುತ್ತದೆ. ಆಗಸ್ಟ್ ಬಂದೊಡನೆ ಮತ್ತೆ ಇತ್ತ ಪಯಣ.

ಇವರನ್ನು ಯಾರೂ ಉಭಯ ತೀರವಾಸಿಗಳೆನ್ನುವುದಿಲ್ಲ. ‘ವಲಸೆ ಕಾರ್ಮಿಕರು’ ಎನ್ನುತ್ತಾರೆ. ಆಯ್ಕೆಯಿಂದ ಎರಡು ಕಡೆ ಬಾಳುವವನಿಗೆ ಗೌರವದ ಹೆಸರು, ಅನಿವಾರ್ಯದಿಂದ ಬಾಳುವವನಿಗೆ ಅನುಕಂಪದ ಹೆಸರು. ಸರ್ಕಾರಿ ನಮೂನೆಯಲ್ಲಿ, ವರ್ಷಕ್ಕೆ ಎರಡು ತಿಂಗಳು ಇರುವ ಊರು ‘ಕಾಯಂ ವಿಳಾಸ’. ಹತ್ತು ತಿಂಗಳು ಬೆವರು ಸುರಿಸುವ ಬಂದರು ‘ತಾತ್ಕಾಲಿಕ’. ಆಡಳಿತ ಸೇವೆಯಲ್ಲಿದ್ದಾಗ ಈ ವಿಪರ್ಯಾಸವನ್ನು ನಾನೂ ಪ್ರಶ್ನಿಸಲಿಲ್ಲ.

ಇದು ಬರಿಯ ಪದಜಿಜ್ಞಾಸೆಯಲ್ಲ. 2020ರ ಲಾಕ್‌ಡೌನ್‌ನಲ್ಲಿ ಹೊರರಾಜ್ಯದ ಕಲಾಸಿಗಳು ಬಂದರುಗಳಲ್ಲಿ ಸಿಲುಕಿ, ದೋಣಿಗಳಲ್ಲೇ ದಿನ ದೂಡಿದರು. ‘ಒಂದು ರಾಷ್ಟ್ರ, ಒಂದು ಪಡಿತರ ಚೀಟಿ’ ವ್ಯವಸ್ಥೆಯಿಂದ ಅಕ್ಕಿಯೇನೋ ಗಡಿ ದಾಟಿತು. ನಿಷೇಧ ಕಾಲದ ಪರಿಹಾರ, ಅಪಘಾತ ವಿಮೆ, ವೈದ್ಯಕೀಯ ನೆರವು ಕೂಡ ಅವರೊಡನೆ ಪಯಣಿಸಬೇಕು. ಎರಡೂ ತೀರಗಳ ಬಂದರುಗಳಲ್ಲಿ ನೋಂದಣಿ, ರಾಜ್ಯಗಳ ನಡುವೆ ಆ ಮಾಹಿತಿಯ ವಿನಿಮಯ: ಇದಕ್ಕೆ ದೊಡ್ಡ ಖರ್ಚು ಬೇಕಿಲ್ಲ, ಎರಡು ವಿಳಾಸಗಳನ್ನೂ ಸಮಾನವಾಗಿ ಕಾಣುವ ಮನಸ್ಸು ಬೇಕು.

ಎರಡು ಸಮುದ್ರಗಳನ್ನು ಬಲ್ಲವನಿಗೆ ನಮೂನೆಯಲ್ಲಿ ಎರಡನೆಯ ಸಾಲೊಂದನ್ನು ಕೊಡಲಾರದಷ್ಟು ಬಡವೇ ನಮ್ಮ ಆಡಳಿತ?