ರಜೆಯ ಖರ್ಚು ಯಾರ ತಲೆಗೆ?

ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಋತುಚಕ್ರ ರಜೆಗೆ ಒಪ್ಪಿಗೆ ಕೊಟ್ಟಿತು, ನವೆಂಬರ್‌ನಲ್ಲಿ ಆದೇಶವೂ ಹೊರಬಿತ್ತು. 18ರಿಂದ 52 ವರ್ಷದ ದುಡಿಯುವ ಹೆಂಗಸರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳದ ರಜೆ. ವೈದ್ಯರ ಚೀಟಿ ಬೇಡ. ಕಾಯಂ, ಗುತ್ತಿಗೆ ಎಂಬ ಭೇದವೂ ಇಲ್ಲ. ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಆ ದಿನದ ಸಂಬಳವನ್ನು ಮಾಲೀಕನೊಬ್ಬನೇ ಕೊಡಬೇಕೆಂಬ ಏರ್ಪಾಡನ್ನು ಒಪ್ಪಲಾರೆ.

ಬೆಂಗಳೂರಿನ ದೊಡ್ಡ ಕಂಪನಿಗೆ ಈ ಖರ್ಚು ಲೆಕ್ಕಕ್ಕಿಲ್ಲ. ಬೈಂದೂರಿನ ಯಡ್ತರೆಯಂಥ ಕಡೆ, ಹೆದ್ದಾರಿ ಬದಿಯಲ್ಲಿ ನಾಲ್ಕು ಹೆಂಗಸರನ್ನಿಟ್ಟುಕೊಂಡು ಅಂಗಡಿ ನಡೆಸುವವನಿಗೆ ಹಾಗಲ್ಲ. ಮುಂದಿನ ಸಲ ಆಳು ಬೇಕಾದಾಗ ಅವನು ಗಂಡಸನ್ನೇ ಹುಡುಕಿದರೆ ಆಶ್ಚರ್ಯವೇನು? ಹೆರಿಗೆ ರಜೆಯಲ್ಲೂ ಇದೇ ತೊಡಕಿದೆ. 1961ರ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು 12 ವಾರದ ರಜೆಯನ್ನು 26ಕ್ಕೆ ಏರಿಸಿದರು, ಸಂಬಳದ ಹೊರೆಯನ್ನು ಮಾತ್ರ ಮಾಲೀಕನ ಮೇಲೇ ಉಳಿಸಿದರು.

ಕಾರ್ಮಿಕರ ರಾಜ್ಯ ವಿಮೆ (ಇಎಸ್‌ಐ) ಇರುವಲ್ಲಿ ಮಾತು ಬೇರೆ. ಕೆಲಸಗಾರರ ಸಂಬಳದಿಂದ ಶೇ 0.75, ಮಾಲೀಕನಿಂದ ಶೇ 3.25 ಹಣ ನಿಧಿಗೆ ಸೇರುತ್ತದೆ. ಹೆಂಗಸಿರಲಿ ಗಂಡಸಿರಲಿ, ಕಟ್ಟುವ ದರ ಒಂದೇ. ಯಾರಿಗೆ ಹೆರಿಗೆಯಾದರೂ ಮಾಲೀಕನ ಕೈಯಿಂದ ಹೆಚ್ಚಿನ ಹಣ ಹೋಗದು. ಹೆಂಗಸನ್ನು ದೂರವಿಡಲು ಅವನಿಗೆ ನೆಪವೂ ಸಿಗದು. ಆದರೆ ತಿಂಗಳಿಗೆ 21,000 ರೂಪಾಯಿ ದಾಟಿದ ಸಂಬಳದವರು ಅದರ ಹೊರಗೆ. 1928ರಲ್ಲಿ ಮುಂಬೈ ಶಾಸನ ಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆಯನ್ನು ಬೆಂಬಲಿಸಿದ ಅಂಬೇಡ್ಕರ್, ತಾಯಿಯ ವಿಶ್ರಾಂತಿ ದೇಶದ ಹಿತವಾದ್ದರಿಂದ ಅದರ ಹೊರೆಯ ಹೆಚ್ಚಿನ ಪಾಲನ್ನು ಸರ್ಕಾರವೇ ಹೊರಬೇಕು ಎಂದಿದ್ದರು. ಶತಮಾನ ತುಂಬುತ್ತಾ ಬಂದರೂ ನಾವು ಆ ಮಾತಿನ ಅರ್ಧದಲ್ಲೇ ನಿಂತಿದ್ದೇವೆ.

ಇನ್ನು ಮನೆಯಲ್ಲೇ ಕೂತು ಬೀಡಿ ಕಟ್ಟುವವರು. 1966ರ ಬೀಡಿ ಕಾಯ್ದೆ ಅವರನ್ನೂ ನೌಕರರೆಂದೇ ಗುರುತಿಸಿತ್ತು, ಹೆರಿಗೆ ಸೌಲಭ್ಯವನ್ನೂ ಕೊಟ್ಟಿತ್ತು. ಆದರೆ ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ ಎಣಿಸುವವಳಿಗೆ ಹಾಜರಿ ಪುಸ್ತಕವೇ ಇಲ್ಲ. ತಿಂಗಳಿಗೊಂದು ದಿನದ ರಜೆಯನ್ನು ಎಲ್ಲಿ ಬರೆಯುವುದು? ಕೈ ನಿಂತ ದಿನ ಕೂಲಿಯೂ ನಿಲ್ಲುತ್ತದೆ. ಅವರ ಕ್ಷೇಮಕ್ಕೆಂದೇ 1976ರಲ್ಲಿ ಬಂದ ಬೀಡಿ ಸೆಸ್ 2017ರಲ್ಲಿ ಜಿಎಸ್‌ಟಿಯ ಹೊತ್ತಿಗೆ ರದ್ದಾಯಿತು. ಉಳಿಸಿಕೊಳ್ಳಬೇಕಿದ್ದ ವ್ಯವಸ್ಥೆಯನ್ನೇ ಕೈಬಿಟ್ಟೆವು ಎಂಬ ನೋವು ನನಗಿದೆ. ಬುಟ್ಟಿ ಹೊತ್ತು ಮೀನು ಮಾರುವವರಿಗಂತೂ ಮಾಲೀಕನೇ ಇಲ್ಲ.

ಮಾತೃವಂದನಾ ಯೋಜನೆಯಿದೆಯಲ್ಲ ಎನ್ನಬಹುದು. ಮೊದಲ ಹೆರಿಗೆಗೆ ಅದು ಕೊಡುವುದು 5,000 ರೂಪಾಯಿ; ಆರು ತಿಂಗಳ ಕೂಲಿಗೆ ಅದು ಎಲ್ಲಿ ಸಾಕು?

ಹೆರಿಗೆ, ಮುಟ್ಟಿನಾಚೆ ಆರೈಕೆಯ ಪ್ರಶ್ನೆಯೂ ಇದೆ. ಅತ್ತೆಗೆ ಮಣಿಪಾಲದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದರೆ ಕೆಲಸ ಬಿಟ್ಟು ಪಕ್ಕದಲ್ಲಿ ಕೂರುವವಳು ಸೊಸೆ. ಆ ದಿನಗಳ ಕೂಲಿಯ ಬಗ್ಗೆ ನಮ್ಮಲ್ಲಿ ಮಾತೇ ಎದ್ದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನ 2004ರಿಂದ ಕೆಲಸಗಾರರ ವಂತಿಗೆಯ ನಿಧಿಯಿಂದ, ಕಾಯಿಲೆ ಬಿದ್ದ ತಂದೆತಾಯಿಯನ್ನು ನೋಡಿಕೊಳ್ಳುವವರಿಗೂ ಸಂಬಳದ ಒಂದು ಪಾಲು ಕೊಡುತ್ತಿದೆ. ಗಂಡಸರಿಗೂ ಅದು ಸಿಗುತ್ತದೆ. ಆರೈಕೆ ಹೆಂಗಸಿಗೇ ಕಟ್ಟಿಟ್ಟದ್ದು ಎಂಬ ಎಣಿಕೆ ಸಡಿಲಾಗಲು ಇದು ಅಗತ್ಯ.

ನಿಧಿ ಕಟ್ಟುವುದು ಕರ್ನಾಟಕಕ್ಕೆ ಹೊಸತೇನಲ್ಲ. ಕಟ್ಟಡ ಕಾರ್ಮಿಕರಿಗಾಗಿ ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ಇದೆ. ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಬಂದ ಕಾಯ್ದೆ ಪ್ರತಿ ಸೇವೆಗೆ ಕಾರ್ಮಿಕರಿಗೆ ಕೊಡುವ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಶುಲ್ಕ ಕೇಳುತ್ತದೆ. ಅದೇ ಬಗೆಯಲ್ಲಿ ಹೆರಿಗೆ, ಮುಟ್ಟು, ಆರೈಕೆ ಮೂರಕ್ಕೂ ಒಂದು ರಾಜ್ಯ ನಿಧಿ ಬೇಕು. ಮಾಲೀಕರೂ ಕೆಲಸಗಾರರೂ ಕಟ್ಟಲಿ. ಮಾಲೀಕರಿಲ್ಲದವರ ಪಾಲನ್ನು ಸರ್ಕಾರ ತುಂಬಲಿ. ಹಣ ತಲುಪಿಸುವುದು ಹೇಗೆಂಬ ಚಿಂತೆ ಬೇಡ. ಗೃಹಲಕ್ಷ್ಮಿಯ 2,000 ರೂಪಾಯಿ ಹೆಂಗಸರ ಬ್ಯಾಂಕ್ ಖಾತೆಗೆ ನೇರವಾಗಿ ಹೋಗುವ ದಾರಿ ಈಗಾಗಲೇ ಇದೆ.