ಡಮಾಮಿಗೆ ನಲವತ್ತು ನಿಮಿಷ

ನಮ್ಮ ಕಾಲದಲ್ಲಿ ಶಿಬಿರಗಳಿಗೆ ಬರವಿಲ್ಲ. ಯೋಗಕ್ಕೊಂದು ಶಿಬಿರ, ವ್ಯಕ್ತಿತ್ವ ವಿಕಸನಕ್ಕೊಂದು ಶಿಬಿರ, ಬೇಸಗೆಯ ರಜೆಯಲ್ಲಿ ಮಕ್ಕಳನ್ನು ಮನೆಯಿಂದ ಹೊರಗೆ ಕಳಿಸುವುದಕ್ಕೊಂದು ಶಿಬಿರ. ಈಚೆಗೆ ಈ ಸಾಲಿಗೆ ‘ಸಂಗೀತ ಮತ್ತು ಸಂಸ್ಕೃತಿ ಶಿಬಿರ’ವೆಂಬುದೂ ಬಂದು ಸೇರಿದೆ. ಪೇಟೆಯ ಜನ ಮೂರು ದಿನ ಬಿಡುವು ಮಾಡಿಕೊಂಡು, ಹಣ ತೆತ್ತು, ಕಾಡಿನ ಅಂಚಿನ ಯಾವುದಾದರೊಂದು ರೆಸಾರ್ಟಿಗೆ ಹೋಗಿ, ಆ ಸೀಮೆಯ ಜನರ ಹಾಡು ಕುಣಿತಗಳನ್ನು ‘ಕಲಿತು’ ಬರುವ ಏರ್ಪಾಡು ಇದು. ಇದರಿಂದ ಕಲಿತವರಿಗೂ ಕಲಿಸಿದವರಿಗೂ ಲಾಭವೆಂದು ಎಲ್ಲರೂ ಹೇಳುತ್ತಾರೆ. ಆ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಸ್ವಲ್ಪ ವಿಚಾರ ಮಾಡಬೇಕಾಗಿದೆ. ಬಾಯಿಂದ ಬಾಯಿಗೆ ಇಳಿದು ಬಂದ ಒಂದು ಜನಾಂಗದ ಆಸ್ತಿ ಇಲ್ಲಿ ಪಣಕ್ಕೆ ಬಿದ್ದಿದೆ.

ಇಂಥದೊಂದು ಶಿಬಿರಕ್ಕೆ ಕಳೆದ ಚಳಿಗಾಲದಲ್ಲಿ, ನನ್ನ ಕೆಲವರು ವಿದ್ಯಾರ್ಥಿಗಳೊಡನೆ ನಾನೂ ಹೋಗಿದ್ದೆ. ದಾಂಡೇಲಿಯ ಸಮೀಪ, ಕಾಳೀ ನದಿಯ ದಂಡೆ. ಸಿದ್ದಿ ಜನರ ಸಂಗೀತ ಮತ್ತು ಸಂಸ್ಕೃತಿಯ ಪರಿಚಯವೇ ಶಿಬಿರದ ಉದ್ದೇಶವೆಂದು ಕರೆಯೋಲೆಯಲ್ಲಿ ಅಚ್ಚಾಗಿತ್ತು. ಕೈಗೆ ಕೊಟ್ಟ ವೇಳಾಪಟ್ಟಿಯನ್ನು ಓದಿದೆ: ಬೆಳಿಗ್ಗೆ ನದಿಯಲ್ಲಿ ರ‍್ಯಾಫ್ಟಿಂಗ್, ಮಧ್ಯಾಹ್ನ ಹಕ್ಕಿಗಳ ವೀಕ್ಷಣೆ, ಸಂಜೆ ೭ ರಿಂದ ೭-೪೦ರ ವರೆಗೆ ಸಿದ್ದಿ ನೃತ್ಯ, ೭-೪೦ಕ್ಕೆ ಊಟ. ಎರಡನೆಯ ದಿನವೂ ಅಷ್ಟೆ. ಆದರೆ ನೃತ್ಯದ ಕೊನೆಯ ಹತ್ತು ನಿಮಿಷ ಶಿಬಿರಾರ್ಥಿಗಳೂ ಕುಣಿತದಲ್ಲಿ ಸೇರಬಹುದೆಂಬ ಸೌಲಭ್ಯ ಹೆಚ್ಚಿನದು. ಮೂರನೆಯ ದಿನ ಪ್ರಶಸ್ತಿಪತ್ರ. ಹೀಗೆ ನಾವೆಲ್ಲರೂ ಸಿದ್ದಿ ಸಂಸ್ಕೃತಿಯಲ್ಲಿ ಪರಿಣತರಾದೆವು!

ಡಮಾಮಿ ಎಂಬುದು ಎರಡೂ ಬಾಯಿಗೆ ತೊಗಲು ಬಿಗಿದ ವಾದ್ಯ. ಅದರ ಹೆಸರೇ ಕುಣಿತಕ್ಕೂ ಬಂದಿದೆ. ಒಬ್ಬರು ಹಾಡನ್ನು ಎತ್ತಿಕೊಡುತ್ತಾರೆ, ಉಳಿದವರು ಹಿಂದೆ ಹಾಡುತ್ತಾರೆ. ಅಂದು ಬಂದ ಮೇಳದವರಿಗೆ ಎಲೆಗಳ ಉಡುಗೆ ಉಡಿಸಿ, ಮುಖಕ್ಕೆ ಬಿಳಿಯ ಚುಕ್ಕಿ ಬರೆಸಿದ್ದರು. ಮೇಳದೊಡನೆ ಬಂದಿದ್ದ ಒಬ್ಬ ಅಜ್ಜಿಯನ್ನು ಕುಣಿತ ಮುಗಿದ ಮೇಲೆ ಮಾತನಾಡಿಸಿದೆ.

“ಅಜ್ಜಿ, ಈಗ ಹಾಡಿದ್ದು ಯಾವಾಗಿನ ಹಾಡು?”

“ಅದು ಮದುವಿ ಮನ್ಯಾಗ ಹಾಡೂದರೀ, ಮಾಸ್ತರ. ಇಲ್ಲಿ ಮದುವಿ ಯಾರದೈತಿ?”

“ಮದುವೆಯಲ್ಲಿ ಹೀಗೇ ಎಲೆ ಕಟ್ಟಿಕೊಂಡು ಕುಣಿಯುತ್ತೀರಾ?”

ಅಜ್ಜಿ ನಕ್ಕುಬಿಟ್ಟಳು. “ಮದುವಿಗೆ ಚಲೋ ಸೀರಿ ಉಟ್ಟ ಕುಣೀತೇವರೀ. ಎಲಿ ಕಟ್ಕೊಂಡ ಯಾರ ಕುಣೀತಾರ?”

ಹಾಡಿನ ಅರ್ಥ ಕೇಳುವಷ್ಟರಲ್ಲಿ ಊಟದ ಗಂಟೆ ಬಾರಿಸಿತು, ಮೇಳದವರನ್ನು ಕರೆದೊಯ್ಯಲು ಗಾಡಿ ಬಂತು. ಮೂರು ದಿನಗಳ ಆ ಸಂಸ್ಕೃತಿ ಶಿಬಿರದಲ್ಲಿ ಒಂದೇ ಒಂದು ಹಾಡಿನ ಅರ್ಥವನ್ನು ಯಾರೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಈ ಸಿದ್ದಿಗಳು ಯಾರು? ಪೋರ್ಚುಗೀಸರ ಹಡಗುಗಳಲ್ಲಿ ಪೂರ್ವ ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ಬಂದವರ, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕವರ ಸಂತತಿ. ಹಳಿಯಾಳ, ಮುಂಡಗೋಡ, ಜೋಯಿಡಾ, ಯಲ್ಲಾಪುರ, ಅಂಕೋಲಾ ತಾಲ್ಲೂಕುಗಳಲ್ಲಿ ಹರಡಿಕೊಂಡಿದ್ದಾರೆ. ಅವರಲ್ಲಿ ಹಿಂದುಗಳುಂಟು, ಮುಸಲ್ಮಾನರುಂಟು, ಕ್ರೈಸ್ತರುಂಟು. ಧರ್ಮ ಮೂರಾದರೂ ಡಮಾಮಿ ಒಂದೇ. ಕನ್ನಡ ಮರಾಠಿ ಬೆರೆತ ಒಂದು ಬಗೆಯ ಕೊಂಕಣಿ ಅವರಲ್ಲಿ ಬಹುಮಂದಿಯ ಮನೆಮಾತು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು ೨೦೦೩ರಲ್ಲಿ. ಸ್ವಾತಂತ್ರ್ಯ ಬಂದು ಐವತ್ತೈದು ವರ್ಷಗಳಾದ ಮೇಲೆ!

ನಾವು ಇವರನ್ನು ಕಂಡ ಬಗೆ ಮೊದಲಿನಿಂದಲೂ ಹೀಗೆಯೇ. ೧೯೮೦ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರದವರು ಆಫ್ರಿಕದ ಮೈಕಟ್ಟು ಓಟಕ್ಕೆ ಹೇಳಿ ಮಾಡಿಸಿದ್ದೆಂದು ಭಾವಿಸಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದರು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು. ಅಂದು ಬೇಕಾದದ್ದು ಕಾಲು. ಇಂದು ಬೇಕಾಗಿರುವುದು ಕುಣಿಯುವ ಸೊಂಟ. ಅವರ ಬಾಯಲ್ಲಿ ಮಾತಿದೆ, ಆ ಮಾತಿಗೆ ಅರ್ಥವಿದೆ ಎಂಬುದು ಮಾತ್ರ ನಮ್ಮ ಲಕ್ಷ್ಯಕ್ಕೆ ಬಂದಿಲ್ಲ.

ಶಿಬಿರದ ಉದ್ಘಾಟನೆಯಲ್ಲಿ ವ್ಯವಸ್ಥಾಪಕರೊಬ್ಬರು ಉತ್ಸಾಹದಿಂದ ನುಡಿದರು: “ಹವಾಯಿ ದ್ವೀಪಗಳಿಗೆ ಹುಲಾ ನೃತ್ಯ ಹೇಗೋ, ದಾಂಡೇಲಿಗೆ ಡಮಾಮಿ ಹಾಗೆ ಆಗಬೇಕು.” ಸಭೆ ಚಪ್ಪಾಳೆ ತಟ್ಟಿತು. ಹೋಲಿಕೆ ನನಗೂ ಒಪ್ಪಿಗೆಯೇ. ಆದರೆ ಹವಾಯಿಯ ಕಥೆಯನ್ನು ಅರ್ಧಕ್ಕೆ ಬಿಡಬಾರದು, ಪೂರ್ತಿ ಹೇಳಬೇಕು.

ಹವಾಯಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ಹವಾಯಿ ಗಿಟಾರು. ಮಡಿಲಲ್ಲಿ ಅಡ್ಡ ಮಲಗಿಸಿ, ತಂತಿಯ ಮೇಲೆ ಉಕ್ಕಿನ ಕಡ್ಡಿ ಜಾರಿಸಿ ನುಡಿಸುವ ಆ ವಾದ್ಯ ಹಿಂದೀ ಚಿತ್ರಗೀತೆಗಳ ಮೂಲಕ ನಮ್ಮ ಮನೆಗಳಿಗೆ ಬಂತು. ಪಂಡಿತ ಬ್ರಿಜಭೂಷಣ ಕಾಬ್ರಾ ಅವರ ಕೈಯಲ್ಲಿ ರಾಗಗಳನ್ನೂ ನುಡಿಯಿತು. ವಾದ್ಯವನ್ನು ಅಕ್ಕರೆಯಿಂದ ಬರಮಾಡಿಕೊಂಡ ನಾವು, ಅದನ್ನು ಕಳಿಸಿಕೊಟ್ಟ ಜನ ಏನಾದರೆಂದು ಕೇಳಲಿಲ್ಲ. ಅಲ್ಲಿಗೆ ೧೮೨೦ರಲ್ಲಿ ಅಮೆರಿಕದ ಪಾದ್ರಿಗಳು ಬಂದರು. ೧೮೩೦ರಲ್ಲಿ, ಹೊಸ ಧರ್ಮ ಹಿಡಿದಿದ್ದ ರಾಣಿ ಕಾಅಹುಮಾನು ಬಹಿರಂಗವಾಗಿ ಹುಲಾ ಕುಣಿಯಬಾರದೆಂದು ಕಟ್ಟಳೆ ಮಾಡಿದಳು. ಮುಂದೆ ಕಾಲಾಕಾವ ಎಂಬ ರಾಜ ೧೮೮೩ರ ತನ್ನ ಪಟ್ಟಾಭಿಷೇಕದಲ್ಲಿ ಹುಲಾವನ್ನು ಮತ್ತೆ ಎಲ್ಲರೆದುರು ಕುಣಿಸಿದ. ಹತ್ತು ವರ್ಷಗಳಲ್ಲಿ ರಾಜ್ಯವೇ ಹೋಯಿತು. ೧೮೯೬ರ ಕಾಯಿದೆಯಿಂದ ಶಾಲೆಗಳೆಲ್ಲ ಇಂಗ್ಲಿಷಿಗೆ ತಿರುಗಿ, ಮಕ್ಕಳ ನಾಲಗೆಯಿಂದ ನಾಡಮಾತು ಜಾರಿತು. ಕುಣಿತ ಮಾತ್ರ ಉಳಿಯಿತು, ಯಾತಕ್ಕೆ? ಪ್ರವಾಸಿಗಳಿಗೆ. ೧೯೩೭ರಿಂದ ಹೊನೊಲುಲುವಿನಲ್ಲಿ ಕೊಡಕ್ ಕಂಪನಿಯ ಹೆಸರಿನಲ್ಲಿ ಹಾಡುಹಗಲಿನ ಹುಲಾ ಪ್ರದರ್ಶನ ನಡೆಯಿತು. ಬಿಸಿಲಿನಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ, ಫಿಲ್ಮು ಖರ್ಚಾಗುತ್ತದೆ. ೨೦೦೨ರ ವರೆಗೂ ಅದು ನಡೆದಿತ್ತು. ನಮ್ಮ ವ್ಯವಸ್ಥಾಪಕರ ಕಣ್ಣಮುಂದಿರುವ ಹವಾಯಿ ಈ ಹವಾಯಿ.

ಕಥೆಯ ಉತ್ತರಾರ್ಧ ಬೇರೆ. ೧೯೬೪ರಲ್ಲಿ ಹಿಲೋ ಎಂಬ ಊರಿನಲ್ಲಿ, ಅದೇ ರಾಜನ ನೆನಪಿನಲ್ಲಿ ಒಂದು ಉತ್ಸವ ಆರಂಭವಾಯಿತು. ಅದರ ಮೊದಲ ಉದ್ದೇಶವೂ ಪ್ರವಾಸಿಗಳನ್ನು ಸೆಳೆಯುವುದೇ ಆಗಿತ್ತು. ಆದರೆ ೧೯೭೧ರಿಂದ ಅದು ಹುಲಾ ಗುರುಗಳೂ ಅವರ ಶಿಷ್ಯರೂ ತಮ್ಮ ವಿದ್ಯೆಯನ್ನು ಒರೆಗೆ ಹಚ್ಚುವ ಸ್ಪರ್ಧೆಯಾಗಿ ಬೆಳೆಯಿತು. ಹುಲಾ ಕಲಿಯಬೇಕೆಂಬವನು ಗುರುವಿನ ಶಾಲೆಯ ಬಾಗಿಲಲ್ಲಿ ನಿಂತು ಹಾಡಿನಲ್ಲಿ ಅಪ್ಪಣೆ ಬೇಡಿ ಒಳಗೆ ಹೋಗಬೇಕೆಂಬ ಸಂಪ್ರದಾಯ ಅವರದು. ಹಾಡಿನ ಮಾತು ಇಲ್ಲದೆ ಹುಲಾ ಇಲ್ಲ. ಕೈಯ ಒಂದೊಂದು ಚಲನೆಯೂ ಆ ಮಾತಿನ ಅರ್ಥವನ್ನೇ ಹಿಡಿದು ನಡೆಯುತ್ತದೆ. ಆದ್ದರಿಂದ ಕುಣಿತದ ಹಿಂದೆಯೇ ಭಾಷೆಯೂ ಎದ್ದಿತು. ೧೯೭೮ರಲ್ಲಿ ಹವಾಯಿ ಭಾಷೆ ಅಲ್ಲಿಯ ಅಧಿಕೃತ ಭಾಷೆಗಳಲ್ಲೊಂದಾಯಿತು. ೧೯೮೪ರಲ್ಲಿ ಆ ಮಾತಿನಲ್ಲೇ ನಡೆಯುವ ಶಿಶುವಿಹಾರ ತೆರೆಯಿತು. ಇಂದು ಅಮೆರಿಕದ ನಾನಾ ಊರುಗಳಲ್ಲಿ ಹವಾಯಿಯ ಸಂಗೀತ ಸಂಸ್ಕೃತಿಗಳ ಶಿಬಿರಗಳು ನಡೆಯುತ್ತವೆ. ಅವುಗಳಲ್ಲಿ ಬೆಲೆಯುಳ್ಳವಕ್ಕೆ ಆ ಬೆಲೆ ಬಂದದ್ದು ಹಿಂದೆ ನಿಂತ ಗುರುಪರಂಪರೆಯಿಂದ. ವ್ಯಾಪಾರವನ್ನು ನಾನು ಹಳಿಯುತ್ತಿಲ್ಲ. ಲಗಾಮು ಯಾರ ಕೈಯಲ್ಲಿದೆ ಎಂದಷ್ಟೆ ಕೇಳುತ್ತೇನೆ.

ಇಷ್ಟು ದೂರದ ಉದಾಹರಣೆ ಬೇಡವೆನ್ನುವವರು ಮುಂಡಗೋಡಕ್ಕೆ ಹೋಗಿ ಬರಲಿ. ೧೯೬೬ರಿಂದ ಅಲ್ಲಿ ಟಿಬೆಟ್ಟಿನ ನಿರಾಶ್ರಿತರು ನೆಲೆಸಿದ್ದಾರೆ. ನಾಡು ಕಳೆದುಕೊಂಡು ಬಂದವರು ಡ್ರೆಪುಂಗ್, ಗಾದೆನ್ ಎಂಬ ತಮ್ಮ ಮಹಾವಿಹಾರಗಳನ್ನು ನಮ್ಮ ಮಲೆನಾಡಿನ ಸೆರಗಿನಲ್ಲಿ ಮತ್ತೆ ಕಟ್ಟಿದರು. ಅಲ್ಲಿ ಲೋಸರ್ ಹಬ್ಬ ಅವರ ಪಂಚಾಂಗದಂತೆ ನಡೆಯುತ್ತದೆ. ಮಂತ್ರಘೋಷ ಅವರ ಹೊತ್ತಿಗೆ ಆಗುತ್ತದೆ. ನೋಡಲು ಹೋದ ನಾವು ಪಾದರಕ್ಷೆ ಕಳಚಿ, ದನಿ ತಗ್ಗಿಸಿ, ಒಂದು ಮೂಲೆಯಲ್ಲಿ ನಿಲ್ಲುತ್ತೇವೆ. ‘ಭೋಜನಕ್ಕೆ ತಡವಾಯಿತು, ಪೂಜೆ ನಲವತ್ತು ನಿಮಿಷದಲ್ಲಿ ಮುಗಿಸಿರಿ’ ಎನ್ನುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಸರಕಾರದ ಭೂಮಿ, ಹೊರನಾಡಿನ ನೆರವು ಅವರಿಗೆ ಒದಗಿದವು, ನಿಜ. ಸಿದ್ದಿಗಳಿಗೆ ಅದಾವುದೂ ಒದಗಲಿಲ್ಲ. ಅದಕ್ಕಾಗಿಯೇ ಕೇಳುತ್ತೇನೆ: ಒಂದೇ ಜಿಲ್ಲೆಯಲ್ಲಿ, ಹೊರಗಿನಿಂದ ಬಂದ ಎರಡು ಜನಾಂಗಗಳಲ್ಲಿ ಒಂದರ ಮುಂದೆ ಅತಿಥಿಗಳಾಗುವ ನಾವು, ಇನ್ನೊಂದರ ಮುಂದೆ ಗಿರಾಕಿಗಳೇಕಾಗುತ್ತೇವೆ?

ಈ ಮಾತಿಗೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಮೊದಲನೆಯದು ಹೊಟ್ಟೆಪಾಡಿನದು. ‘ಕುಣಿದರೆ ನಾಲ್ಕು ಕಾಸು ಸಿಗುತ್ತದೆ, ನೀವು ತತ್ತ್ವ ಹೇಳಿ ಅದನ್ನೂ ತಪ್ಪಿಸುತ್ತೀರಿ’ ಎನ್ನುತ್ತಾರೆ. ಕಾಸು ಸಿಗಲಿ, ಹೆಚ್ಚೇ ಸಿಗಲಿ. ಆದರೆ ಶಿಬಿರಾರ್ಥಿ ತೆತ್ತ ಹಣದಲ್ಲಿ ಹಾಸಿಗೆಗೆಷ್ಟು, ಊಟಕ್ಕೆಷ್ಟು, ಡಮಾಮಿಗೆಷ್ಟು ಎಂಬ ಲೆಕ್ಕವನ್ನು ಆ ವೇಳಾಪಟ್ಟಿಯ ಬೆನ್ನಿಗೇ ಅಚ್ಚುಹಾಕಬಾರದೆ? ವಿದ್ಯೆ ಕಲಿಸುವವನಿಗೆ ಸಲ್ಲುವುದು ಗುರುದಕ್ಷಿಣೆ. ಊಟಕ್ಕೆ ಮುಂಚೆ ಮನರಂಜಿಸಿದವನಿಗೆ ಕೊಡುವುದು ಭಕ್ಷೀಸು. ಎರಡಕ್ಕೂ ಒಂದೇ ಹೆಸರಿಡುವುದು ಬೇಡ.

ಎರಡನೆಯದು, ‘ಕಲೆ ಎಲ್ಲರ ಸೊತ್ತು’ ಎಂಬ ಘನವಾದ ಮಾತು. ಒಳ್ಳೆಯದು. ಹಾಗಿದ್ದರೆ ಹಿಂದೂಸ್ತಾನಿ ಗಾಯನವನ್ನು ಕಲಿಯಲು ನಾವು ಧಾರವಾಡದಲ್ಲಿ ಗುರುಗಳ ಮನೆಯ ಜಗಲಿಯಲ್ಲಿ ವರ್ಷಗಟ್ಟಲೆ ಕೂತದ್ದು ಯಾಕೆ? ಯಕ್ಷಗಾನದ ಹೆಜ್ಜೆಯನ್ನು ಹತ್ತು ನಿಮಿಷದಲ್ಲಿ ಕಲಿತೆನೆಂದು ಪ್ರಶಸ್ತಿಪತ್ರ ತಂದವನನ್ನು ಇದೇ ಜಿಲ್ಲೆಯ ಜನ ಏನೆಂದಾರು? ಎಲ್ಲರ ಸೊತ್ತೆಂಬ ಔದಾರ್ಯ ಬಡವರ ಕಲೆಯ ವಿಷಯದಲ್ಲಿ ಮಾತ್ರ ನಮಗೆ ನೆನಪಾಗುತ್ತದೆ.

ಇನ್ನು ಕೆಲವರು ಮಡಿವಂತರು. ‘ಹೊರಗಿನವರು ಕಲಿಯುವುದೇ ಬೇಡ, ಅದು ಕಾಡಿನಲ್ಲೇ ಇದ್ದರೆ ಶುದ್ಧ’ ಎನ್ನುತ್ತಾರೆ. ಇವರ ಮಾತೂ ನನಗೆ ಒಪ್ಪಿಗೆಯಿಲ್ಲ. ಸಿದ್ದಿಗಳು ಪ್ರದರ್ಶನಾಲಯದ ಗಾಜಿನ ಪೆಟ್ಟಿಗೆಯಲ್ಲಿ ಕೂರಬೇಕಾದವರಲ್ಲ. ಎಂಬತ್ತರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಬಳಗದವರು ಇದೇ ಜಿಲ್ಲೆಯ ಸಿದ್ದಿಗಳನ್ನು ಕಲಾವಿದರನ್ನಾಗಿ ಕೂಡಿಸಿಕೊಂಡು, ಆಫ್ರಿಕದ ಲೇಖಕ ಚಿನುವಾ ಅಚಿಬೆಯವರ ಕಾದಂಬರಿಯ ರಂಗರೂಪವನ್ನು ಆಡಿಸಿದರು. ಅಲ್ಲಿ ಅವರಿಗೆ ಮಾತಿತ್ತು, ಪಾತ್ರವಿತ್ತು. ಹೊರಗಿನವರೂ ಒಳಗಿನವರೂ ಕೂಡಿ ಕಲಿಯುವ ದಾರಿ ಉಂಟೆಂಬುದಕ್ಕೆ ಇಷ್ಟು ಸಾಕಲ್ಲವೆ?

ಆಕ್ಷೇಪಿಸಿ ಸುಮ್ಮನಾಗುವುದು ಸುಲಭ. ಆದ್ದರಿಂದ ಏನು ಆಗಬೇಕೆಂಬುದನ್ನೂ ಹೇಳುತ್ತೇನೆ. ಒಂದು: ಸಿದ್ದಿ ಸಂಸ್ಕೃತಿಯ ಶಿಬಿರ ನಡೆಯುವುದಾದರೆ ಅದು ಸಿದ್ದಿಗಳ ಊರಿನಲ್ಲಿ, ಗದ್ದೆಯ ಕೆಲಸ ಮುಗಿದು ಅವರಿಗೆ ಬಿಡುವಿದ್ದಾಗ, ಅವರು ಹೇಳಿದ ಹೊತ್ತಿಗೆ ನಡೆಯಲಿ. ಎರಡು: ಮೊದಲ ದಿನ ಯಾರೂ ಕುಣಿಯದಿರಲಿ. ಹಾಡು ಕೇಳಲಿ, ಮಾತು ಕಲಿಯಲಿ, ಇದು ಮದುವೆಯದೋ ಹಬ್ಬದ್ದೋ ಎಂದು ತಿಳಿಯಲಿ. ಮೂರು: ಹಾಡನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಹಾಡಿದವರ ಹೆಸರು ಮೇಲೆಯೇ ಇರಲಿ, ಅದರ ಒಂದು ಪ್ರತಿ ಆ ಊರಿನ ಶಾಲೆಯಲ್ಲಿ ಉಳಿಯಲಿ. ನಾಲ್ಕು: ಮೊದಲ ಸಾಲಿನ ಶಿಷ್ಯರು ಸಿದ್ದಿ ಮಕ್ಕಳೇ ಆಗಿರಲಿ, ನಮ್ಮ ಸಾಲು ಆಮೇಲೆ.

ಕನ್ನಡ ಕಲಿಸುವ ನಮ್ಮಂಥವರಿಗೂ ಇಲ್ಲಿ ಪಾಲಿದೆ. ಜನಪದವೆಂದು ನಾವು ಪಾಠ ಹೇಳುತ್ತೇವೆ, ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಕೇಳುತ್ತೇವೆ. ಮುಂಡಗೋಡದ ನೆರೆಯ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ೨೦೧೧ರಿಂದ ಒಂದು ಜಾನಪದ ವಿಶ್ವವಿದ್ಯಾಲಯವೇ ಇದೆ. ಅಕ್ಷರ ಬಾರದ ಒಬ್ಬ ಸಿದ್ದಿ ಅಜ್ಜಿಯನ್ನು ಅಲ್ಲಿ ಮಾಹಿತಿಗಾರಳೆಂದು ನೆಲದ ಮೇಲೆ ಕೂರಿಸದೆ, ಅಧ್ಯಾಪಿಕೆಯೆಂದು ಕುರ್ಚಿಯ ಮೇಲೆ ಕೂರಿಸಿ ಸಂಬಳದ ಪಟ್ಟಿಯಲ್ಲಿ ಹೆಸರು ಬರೆಯುವಂತಾಗಬೇಕು. ನಿಯಮ ಒಪ್ಪದಿದ್ದರೆ ನಿಯಮವನ್ನು ತಿದ್ದಬೇಕು. ಹಾಡನ್ನು ಕತ್ತರಿಸಿ ನಿಯಮಕ್ಕೆ ಹೊಂದಿಸುವುದು ಸಲ್ಲದು.

ಬೇಸಗೆ ರಜೆ ಬಂದೊಡನೆ ಇಂಥ ಕರೆಯೋಲೆಗಳು ಮತ್ತೆ ನಮ್ಮ ಮನೆ ಬಾಗಿಲಿಗೆ ಬರುತ್ತವೆ. ಹಣ ಕಟ್ಟುವ ಮೊದಲು ಓದುಗರು ವ್ಯವಸ್ಥಾಪಕರಿಗೆ ಎರಡು ಪ್ರಶ್ನೆ ಹಾಕಲಿ: ಇಲ್ಲಿ ಗುರು ಯಾರು? ಈ ವೇಳಾಪಟ್ಟಿ ಬರೆದವರು ಯಾರು? ಎರಡಕ್ಕೂ ಉತ್ತರ ಒಂದೇ ಆಗಿದ್ದರೆ ಅವಶ್ಯವಾಗಿ ಹೋಗಲಿ. ಇಲ್ಲವಾದರೆ ಕಾಳೀ ನದಿ ಸುಂದರವಾಗಿದೆ, ರ‍್ಯಾಫ್ಟಿಂಗ್ ಮಾಡಿಕೊಂಡು ಬರಲಿ. ಸಂಸ್ಕೃತಿಯ ಹೆಸರು ತೆಗೆಯುವುದು ಬೇಡ.